ಟಿಕ್ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ಪಕ್ಕದ ಮನೆ ಹುಡುಗ ಬಂದಿದ್ದ. ಎಲೆಕ್ಟ್ರಿಕಲ್‌ನಲ್ಲಿ ಬಿ.ಇ. ಮುಗಿಸಿ ಒಂದು ವರ್ಷ ಆಗಿದೆ. "ಅಕ್ಕಾ, ಕೆಇಬಿಯಲ್ಲಿ ಎಇ (ಸಹಾಯಕ ಇಂಜಿನಿಯರ್) ಪೋಸ್ಟ್ ಕರೆದಾಗ ಒಂದರ್ಧ ಗಂಟೆ ಕೂತು ಅರ್ಜಿ ತುಂಬಿಸಿಕೊಡ್ತೀರಾ?" ಅಂದ. ನನಗೆ ನಗು ಬಂತು. ಕೆಇಬಿ ಅನ್ನೋದು ಇವನು ಹುಟ್ಟುವ ಮೊದಲೇ ಹೋಗಿದೆ. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್ ಬಂತು. 2002ರಲ್ಲಿ ಮನೆಮನೆಗೆ ಕರೆಂಟ್ ಕೊಡುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಂತ ಹಂಚಿಹೋಯಿತು, ಆಮೇಲೆ ಮೈಸೂರು ಕಡೆಗೆ ಸೆಸ್ಕ್ ಬಂತು. ಇಷ್ಟೆಲ್ಲ ಆದರೂ ಊರಲ್ಲಿ ಕರೆಂಟ್ ಹೋದರೆ "ಕೆಇಬಿಗೆ ಫೋನ್ ಮಾಡ್ರೀ" ಅಂತಲೇ ಅನ್ನುತ್ತಾರೆ. ನನ್ನ ಅಮ್ಮನೂ ಹಾಗೇ, ಮಗಳು ಕೆಇಬಿ ಇಂಜಿನಿಯರ್ ಅಂತಲೇ ಎಲ್ಲರಿಗೂ ಹೇಳೋದು.

ನಗು ಬಂದದ್ದು ಹೆಸರಿಗಲ್ಲ, ಆ ಅರ್ಧ ಗಂಟೆಗೆ. ನಾನೂ ಒಂದು ಕಾಲದಲ್ಲಿ ಅರ್ಧ ಗಂಟೆಯಲ್ಲೇ ತುಂಬಿದ್ದೆ.

ಆ ಕಥೆ ಹೇಳಿಬಿಡುತ್ತೇನೆ. ಯಾವ ನಿಗಮ, ಯಾವ ವರ್ಷ ಅನ್ನೋದು ಬೇಡ, ತಪ್ಪು ನನ್ನದೇ. ಕೊನೆಯ ದಿನ, ಸಂಜೆ, ತಾಲ್ಲೂಕಿನ ಒಂದು ಸೈಬರ್ ಸೆಂಟರ್. ನನ್ನ ಹಿಂದೆ ಎಂಟು ಜನ ಕಾಯ್ತಾ ಇದ್ದರು. ಸೈಬರ್ ಅಣ್ಣ ಕೀಬೋರ್ಡ್ ಮೇಲೆ ಬೆರಳು ಓಡಿಸುತ್ತಾ ಕೇಳುತ್ತಾ ಹೋದರು: "ಗ್ರಾಮೀಣ ಹಾಕ್ಲಾ?" ಹಾಕಿ ಅಂದೆ. "ಕನ್ನಡ ಮಾಧ್ಯಮ?" ಅದನ್ನೂ ಹಾಕಿ ಅಂದೆ. ಎರಡಕ್ಕೂ ಮೀಸಲಾತಿ ಇದೆ, ನನ್ನ ಮಟ್ಟಿಗೆ ಎರಡೂ ನಿಜವೇ. ಒಂದರಿಂದ ಹತ್ತರವರೆಗೆ ನಮ್ಮ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು ನಾನು. ಆದರೆ ಅದನ್ನು ಹೇಳುವ ಒಂದು ಕಾಗದವೂ ನನ್ನ ಹತ್ತಿರ ಇರಲಿಲ್ಲ. ಬೇಕಾದಾಗ ಮಾಡಿಸಿದರಾಯಿತು ಅಂದುಕೊಂಡಿದ್ದೆ.

ಪರೀಕ್ಷೆ ಚೆನ್ನಾಗಿ ಆಯಿತು. ದಾಖಲೆ ಪರಿಶೀಲನೆಗೆ ಕರೆ ಬಂತು. ಆಗ ಶುರುವಾಯಿತು ನೋಡಿ ಓಟ. ಹೆಡ್‌ಮಾಸ್ಟರ್ ಸಹಿ, ಬಿಇಒ ಕಚೇರಿಯ ಮೇಲುಸಹಿ, ಎಲ್ಲ ಎರಡೇ ದಿನದಲ್ಲಿ ಮಾಡಿಸಿಕೊಂಡು, ಬಸ್ಸಿನಲ್ಲಿ ನಿಂತೇ ಬೆಂಗಳೂರಿಗೆ ಹೋದೆ. ಮೇಜಿನ ಆಚೆ ಕೂತಿದ್ದವರು ಪತ್ರ ನೋಡಿದರು. ಶಾಲೆಯ ಹೆಸರು ನೋಡಲಿಲ್ಲ, ಸಹಿ ನೋಡಲಿಲ್ಲ, ಮೊದಲು ನೋಡಿದ್ದು ತಾರೀಖು. "ಇದು ಅರ್ಜಿಯ ಕೊನೇ ದಿನ ಆದಮೇಲೆ ಪಡೆದದ್ದಮ್ಮ" ಅಂದರು. ಅಷ್ಟೇ. ಬೈಯಲಿಲ್ಲ, ಅಣಕಿಸಲಿಲ್ಲ. ಗ್ರಾಮೀಣವೂ ಹೋಯಿತು, ಕನ್ನಡ ಮಾಧ್ಯಮವೂ ಹೋಯಿತು, ಉಳಿದ ಪಟ್ಟಿಯಲ್ಲಿ ನನಗೆ ಮೂರು ಅಂಕ ಸಾಲಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟೇನೋ ಸಿಕ್ಕಿತ್ತು.

ಅದಕ್ಕೇ ಆ ಹುಡುಗನಿಗೆ ಅಂದೆ: ಈಗ ಅರ್ಜಿ ಕರೆದಿಲ್ಲ ಅಲ್ವಾ, ಒಳ್ಳೇದೇ ಆಯಿತು. 2022ರ ಅಧಿಸೂಚನೆ ಪ್ರಿಂಟ್ ತೆಗೆದುಕೊಂಡು ಬಾ, ಸುಮ್ನೆ ಅಭ್ಯಾಸಕ್ಕೆ ತುಂಬೋಣ. ಅಂದಿನದು ಅಂದಿಗೆ, ಮುಂದಿನದರಲ್ಲಿ ನಿಯಮ ಬದಲಾಗಬಹುದು. ಆದರೆ ಕೇಳುವ ಪ್ರಶ್ನೆಗಳ ಜಾತಿ ಒಂದೇ.

ಕೆಪಿಟಿಸಿಎಲ್ ಆ ವರ್ಷ ಕರೆದದ್ದು ಒಟ್ಟು 1492 ಹುದ್ದೆ. ಸಹಾಯಕ ಇಂಜಿನಿಯರ್ ವಿದ್ಯುತ್ 505, ಸಿವಿಲ್ ಬರೀ 28. ಕಿರಿಯ ಇಂಜಿನಿಯರ್ ವಿದ್ಯುತ್ 570, ಸಿವಿಲ್ 29. ಉಳಿದ 360 ಕಿರಿಯ ಸಹಾಯಕರು. ಪರೀಕ್ಷೆ ನಡೆಸಿದ್ದು ಕೆಇಎ, ಸಿಇಟಿ ಮಾಡುತ್ತಾರಲ್ಲ, ಅದೇ ಪ್ರಾಧಿಕಾರ. ಸಿವಿಲ್ ಓದಿದ ಗೆಳೆಯರು 28 ನೋಡಿ ಪೇಪರ್ ಮಡಚಿಟ್ಟುಬಿಡುತ್ತಾರೆ, ಅವರನ್ನು ದೂರುವ ಹಾಗೂ ಇಲ್ಲ. ಇನ್ನೊಂದು ಮಾತು. ಕೆಪಿಟಿಸಿಎಲ್ ಅಂದಾಕ್ಷಣ ಬೆಂಗಳೂರಿನ ಮುಖ್ಯ ಕಚೇರಿ ಕಾವೇರಿ ಭವನದ ಎಸಿ ರೂಮು ಕಣ್ಮುಂದೆ ಬರೋದು ಬೇಡ. ಆಯ್ಕೆಯಾದವರನ್ನು ಬೆಸ್ಕಾಂ, ಹೆಸ್ಕಾಂ ಎಲ್ಲದಕ್ಕೂ ಹಂಚುತ್ತಾರೆ. ನಿಮ್ಮ ಪಾಲಿಗೆ ಊರಾಚೆಯ ವಿದ್ಯುತ್ ಉಪಕೇಂದ್ರ, ಅಂದರೆ ರಿಸೀವಿಂಗ್ ಸ್ಟೇಷನ್‌ನಲ್ಲಿ ರಾತ್ರಿ ಶಿಫ್ಟ್ ಬರಬಹುದು, ಮಳೆಗಾಲದಲ್ಲಿ ಲೈನ್ ಟ್ರಿಪ್ ಆದಾಗ ನೂರು ಫೋನ್ ಎತ್ತುವ ಸೆಕ್ಷನ್ ಆಫೀಸೂ ಬರಬಹುದು. ಮುಂದೆ ಆಯ್ಕೆಯಾದಾಗ ನನಗೆ ಮೊದಲನೆಯದು ಬಂತು. ಯಾರ್ಡಿನ ಜಲ್ಲಿ ಮೇಲೆ ಟಾರ್ಚ್ ಹಿಡಿದು ನಡೆಯುವಾಗ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು ಈಗ ನನಗೆ ಜೋಗುಳದ ಹಾಗೆ, ಇಲ್ಲದಿದ್ದರೇ ನಿದ್ದೆ ಬರಲ್ಲ. ಶಿಫ್ಟಿನಲ್ಲಿ ನಿದ್ದೆ ಮಾಡ್ತೀನಿ ಅಂತಲ್ಲ ಮತ್ತೆ!

ಇರಲಿ, ಅರ್ಜಿಗೆ ಬರೋಣ.

ಹೆಸರಿನ ಕಾಲಂನಲ್ಲೇ ನಾವಿಬ್ಬರೂ ಇಪ್ಪತ್ತು ನಿಮಿಷ ನಿಂತೆವು. ಅವನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ ಇದೆ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಪೂರ್ತಿ ಬರೆದಿದ್ದಾರೆ. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಇನಿಷಿಯಲ್ಲೇ ಇಲ್ಲ. ನಮ್ಮ ಕಡೆ ಇದು ಮನೆಮನೆಯ ಕಥೆ. ಮನೆತನ, ಊರು, ಅಪ್ಪ, ಅಜ್ಜ ಎಲ್ಲರೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ಕೂತಿರುತ್ತಾರೆ. ಅರ್ಜಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದ ಹಾಗೇ ಹಾಕಬೇಕು, ಹುಟ್ಟಿದ ದಿನಾಂಕವೂ ಅದರದ್ದೇ. ಉಳಿದ ಕಾಗದ ಹೊಂದದಿದ್ದರೆ ಈಗಲೇ ಸರಿಮಾಡಿಸಿಕೊಳ್ಳಿ. ಆಧಾರ್ ತಿದ್ದುವುದು ಸುಲಭ. ವಿಶ್ವವಿದ್ಯಾಲಯದ ಪ್ರಮಾಣಪತ್ರ ತಿದ್ದಿಸುವುದಕ್ಕೆ ಚಪ್ಪಲಿ ಸವೆಯುತ್ತದೆ, ಅದಕ್ಕೆ ಹೇಳಿದ್ದು ಈಗಲೇ ಅಂತ.

ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಕೊಡಿ. ಇದನ್ನೂ ಹೇಳಬೇಕಾ ಅಂತೀರೇನೋ. ಹೇಳಬೇಕು. ಸೈಬರ್‌ನಲ್ಲಿ ರಶ್ ಇದ್ದಾಗ ಓಟಿಪಿ ಬೇಗ ಬರಲಿ ಅಂತ ಅವರು ತಮ್ಮದೇ ನಂಬರ್ ಹಾಕಿಬಿಡುತ್ತಾರೆ, ಕೆಟ್ಟ ಉದ್ದೇಶದಿಂದಲ್ಲ. ಆಮೇಲೆ ಪ್ರವೇಶ ಪತ್ರ ಬಂದಿದೆ ಅನ್ನೋ ಮೆಸೇಜು ಅವರ ಫೋನಿಗೆ ಬಂದು, ನೂರು ಮೆಸೇಜಿನ ಕೆಳಗೆ ಮುಚ್ಚಿಹೋಗುತ್ತದೆ. ಅಂಗಡಿ ಬಾಗಿಲು ಹಾಕಿದರಂತೂ ಪಾಸ್‌ವರ್ಡ್ ಮರುಪಡೆಯಲಿಕ್ಕೂ ದಾರಿ ಇಲ್ಲ.

ಅಂಕದ ವಿಷಯ. ವಿಟಿಯುನಲ್ಲಿ ಓದಿದವರ ಕೈಯಲ್ಲಿ ಇರುವುದು ಹತ್ತಕ್ಕೆ ಲೆಕ್ಕ ಹಾಕಿದ ಸಿಜಿಪಿಎ, ಅರ್ಜಿ ಶೇಕಡಾ ಕೇಳುತ್ತದೆ. ಹತ್ತರಿಂದ ಗುಣಿಸಿ ಹಾಕಿಬಿಡೋಣ ಅನಿಸುತ್ತೆ. 2015ರ ಸ್ಕೀಮ್‌ನವರು, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ ಓದಿದವರು, ಹಾಗೆ ಮಾಡುವಂತಿಲ್ಲ. ಸಿಜಿಪಿಎಯಲ್ಲಿ 0.75 ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. 7.5 ಇದ್ದವರಿಗೆ 75 ಅಲ್ಲ, 67.5. ನಿಮ್ಮ ಸ್ಕೀಮ್‌ನ ಸೂತ್ರ ಯಾವುದೋ ಅದನ್ನು ಅಂಕಪಟ್ಟಿಯಲ್ಲೋ ಕಾಲೇಜಿನಲ್ಲೋ ನೋಡಿಕೊಂಡು ಹಾಕಿ. ಜಾಸ್ತಿ ಬರೆದು ಸಿಕ್ಕಿಬಿದ್ದರೆ ಅದನ್ನು ಲೆಕ್ಕದ ತಪ್ಪು ಅಂತ ಯಾರೂ ಅನ್ನಲ್ಲ.

ಈಗ ಮೀಸಲಾತಿ. ಇಲ್ಲಿ ನಿಧಾನ ಮಾಡಬೇಕು.

ಜಾತಿ ಪ್ರಮಾಣಪತ್ರಕ್ಕೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ, ನಾಡಕಚೇರಿಯಲ್ಲಿ ಕೊಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ ಒಂದು, ಇವರ ಪತ್ರಕ್ಕೆ ಅವಧಿ ಇಲ್ಲ. 2ಎ, 2ಬಿ, 3ಎ, 3ಬಿ ಅವರದ್ದು ಐದು ವರ್ಷಕ್ಕೆ ಮುಗಿಯುತ್ತದೆ. ಕಾಲೇಜು ಸೇರುವಾಗ ಸಿಇಟಿಗೆ ಅಂತ ಮಾಡಿಸಿದ್ದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಇಟ್ಟುಕೊಂಡು, ಇದೆಯಲ್ಲ ಅಂತ ನಿಶ್ಚಿಂತೆಯಾಗಿರುವವರು ಎಷ್ಟೋ ಜನ. ಲೆಕ್ಕ ಹಾಕಿ ನೋಡಿ, ನಾಲ್ಕು ವರ್ಷ ಇಂಜಿನಿಯರಿಂಗ್, ಒಂದೆರಡು ವರ್ಷ ತಯಾರಿ. ಐದು ಮುಗಿದೇ ಹೋಯಿತು. ಕಾಗದ ಹೊಸದರ ಹಾಗೆ ಫಳಫಳ ಅಂತ ಇರುತ್ತದೆ, ಒಳಗೆ ಜೀವ ಇರಲ್ಲ.

ಗ್ರಾಮೀಣ ಕೋಟಾ ಶೇಕಡಾ 25, ಕನ್ನಡ ಮಾಧ್ಯಮ ಶೇಕಡಾ 5. ಒಂದರಿಂದ ಹತ್ತನೇ ತರಗತಿವರೆಗಿನ ಲೆಕ್ಕ ಕೇಳುತ್ತಾರೆ. ಊರು ನೋಡಲು ಹಳ್ಳಿಯ ಹಾಗೇ ಇದ್ದರೂ ಶಾಲೆ ಪುರಸಭೆ ವ್ಯಾಪ್ತಿಯಲ್ಲಿದ್ದರೆ ಅದು ಗ್ರಾಮೀಣ ಅಲ್ಲ. ಎಂಟನೇ ಕ್ಲಾಸಿಗೆ ಪೇಟೆಯ ಹೈಸ್ಕೂಲಿಗೆ ಸೇರಿದವರಿಗೂ ಸಿಗಲ್ಲ, ಬೇಜಾರಾದರೂ ಅದೇ ನಿಯಮ. ಸಾಮಾನ್ಯ ವರ್ಗದವರು ಗ್ರಾಮೀಣ ಕೇಳಿದರೆ ಶಾಲೆಯ ಪತ್ರವೊಂದೇ ಸಾಲದು, ಮೇಲುಸ್ತರಕ್ಕೆ (ಕೆನೆಪದರಕ್ಕೆ) ಸೇರಿಲ್ಲ ಅಂತ ತಹಶೀಲ್ದಾರರ ಪತ್ರವೂ ಬೇಕು. ಇದು ಗೊತ್ತಿಲ್ಲದೆ ಹೋದವರನ್ನು ನನ್ನ ದಾಖಲೆ ಪರಿಶೀಲನೆಯ ದಿನ ಆ ಕಚೇರಿಯ ವರಾಂಡದಲ್ಲಿ ನೋಡಿದ್ದೆ. ಎಲ್ಲ ಪತ್ರವೂ ಅಧಿಸೂಚನೆಯ ಕೊನೆಗೆ ಕೊಟ್ಟ ನಮೂನೆಯಲ್ಲೇ ಇರಬೇಕು. ಹೆಡ್‌ಮಾಸ್ಟರ್ ಪ್ರೀತಿಯಿಂದ ಲೆಟರ್‌ಹೆಡ್ ಮೇಲೆ "ಇವಳು ನಮ್ಮ ಶಾಲೆಯ ಹೆಮ್ಮೆಯ ವಿದ್ಯಾರ್ಥಿನಿ" ಅಂತ ಬರೆದುಕೊಟ್ಟರೆ ಅದನ್ನು ಕಟ್ಟು ಹಾಕಿಸಿ ಗೋಡೆಗೆ ಹಾಕಿ, ಪರಿಶೀಲನೆಗೆ ತರಬೇಡಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಕಡೆಯವರು ಕೇಳುತ್ತಿದ್ದರೆ ಒಂದು ಮಾತು. ಸಂವಿಧಾನದ 371ಜೆ ವಿಧಿ ಪ್ರಕಾರ ನಿಮಗೆ ಬೇರೆ ಹುದ್ದೆಗಳೇ ಇವೆ. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪತ್ರ ಬೇಕು, ತಹಶೀಲ್ದಾರರದ್ದಲ್ಲ. ಸ್ಥಳೀಯ ವೃಂದವೋ (ನಿಮ್ಮ ಭಾಗದ ಹುದ್ದೆ) ಉಳಿಕೆ ವೃಂದವೋ (ರಾಜ್ಯದ ಉಳಿದ ಭಾಗದ ಹುದ್ದೆ) ಅಂತ ಅರ್ಜಿಯಲ್ಲಿ ಕೇಳುವ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಹಾಕಿ.

ನಮ್ಮ ಹುಡುಗನಿಗೆ ಇದೆಲ್ಲ ಕೇಳಿ ಮುಖ ಸಣ್ಣಗಾಯಿತು. "ಹಾಗಾದರೆ ಟಿಕ್ ಹಾಕೋದೇ ಬೇಡ್ವಾ ಅಕ್ಕಾ?" ಅಂದ. ಹಾಕು ಮಾರಾಯ, ನಿನ್ನ ಹಕ್ಕು ಅದು. ಕಾಗದ ಕೈಯಲ್ಲಿ ಹಿಡಿದುಕೊಂಡು ಹಾಕು ಅಂದೆ. ಆನ್‌ಲೈನ್ ಅರ್ಜಿ ಏನು ಹೇಳಿದರೂ ನಂಬಿಕೊಳ್ಳುತ್ತದೆ, ಅದೇ ಅದರ ಕಷ್ಟ. ಹಿಂದೆ ಕಚೇರಿಗೆ ಹೋಗಿ ಕಾಗದದ ಅರ್ಜಿ ಕೊಡುತ್ತಿದ್ದಾಗ ಕಿಟಕಿಯಲ್ಲಿದ್ದ ಗುಮಾಸ್ತರು "ಇದಕ್ಕೆ ಸರ್ಟಿಫಿಕೇಟ್ ಎಲ್ಲಿ?" ಅಂತ ಅಲ್ಲೇ ಗದರಿ ವಾಪಸ್ ಕಳಿಸುತ್ತಿದ್ದರಂತೆ. ಆ ಗದರಿಕೆಯಲ್ಲಿ ಒಂದು ಉಪಕಾರ ಇತ್ತು. ಕಂಪ್ಯೂಟರ್ ಗದರಲ್ಲ. ಟಿಕ್ ಹಾಕಿಸಿಕೊಂಡು, ಹಣ ಕಟ್ಟಿಸಿಕೊಂಡು, ಒಂದು ವರ್ಷ ಓದಲಿಕ್ಕೆ ಬಿಟ್ಟು, ಆಮೇಲೆ ಮೇಜಿನ ಮುಂದೆ ನಿಲ್ಲಿಸುತ್ತದೆ.

ಹಣ ಅಂದಾಗ ನೆನಪಾಯಿತು. ಅರ್ಜಿ ಸಂಖ್ಯೆ ಬಂತು ಅಂದರೆ ಅರ್ಜಿ ಮುಗಿಯಿತು ಅಂತಲ್ಲ. ಶುಲ್ಕ ಸೇರಿದೆ ಅಂತ ಪುಟದಲ್ಲಿ ಕಾಣಬೇಕು. ಕೊನೆಯ ದಿನ ಸರ್ವರ್ ಎತ್ತಿನಗಾಡಿ ಆಗಿರುತ್ತದೆ, ಖಾತೆಯಿಂದ ದುಡ್ಡು ಹೋಗಿರುತ್ತದೆ, ಅಲ್ಲಿ ಮಾತ್ರ ಬಾಕಿ ಅಂತ ತೋರಿಸುತ್ತಿರುತ್ತದೆ. ಒಂದು ವಾರ ಮುಂಚೆ ಮಾಡಿದ್ದರೆ ಬ್ಯಾಂಕಿಗೆ ಹೋಗಿ ಕೇಳಲು ಸಮಯ ಇರುತ್ತದೆ. ಫೋಟೋ, ಸಹಿ ಇಷ್ಟೇ ಕೆಬಿ ಇರಬೇಕು ಅಂತಾರೆ, ಅದು ಯಾವ ಸೈಬರ್‌ನಲ್ಲೂ ಮಾಡಿಕೊಡುತ್ತಾರೆ. ಸಹಿ ಮಾತ್ರ ನೀವು ಪರೀಕ್ಷಾ ಕೊಠಡಿಯಲ್ಲಿ ಮಾಡುವಂಥದ್ದೇ ಇರಲಿ.

ಕನ್ನಡ ಪರೀಕ್ಷೆ ಬಗ್ಗೆ ಒಂದು ತಮಾಷೆ ಇದೆ. ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕಕ್ಕೆ, 50 ತೆಗೆದರೆ ಸಾಕು, ಅದು ರ‍್ಯಾಂಕಿಗೆ ಸೇರಲ್ಲ. ಅದು ಹೊರರಾಜ್ಯದವರಿಗೆ ಅಂದುಕೊಂಡು ಹಾಯಾಗಿದ್ದ ನನ್ನ ಗೆಳತಿ ಅಪ್ಪಟ ಕನ್ನಡತಿ. ಆದರೆ ಅಂಕ ಚೆನ್ನಾಗಿ ಬರುತ್ತೆ ಅಂತ ಹೈಸ್ಕೂಲಿನಲ್ಲಿ ಕನ್ನಡ ಬಿಟ್ಟು ಸಂಸ್ಕೃತ ತೆಗೆದುಕೊಂಡಿದ್ದಳು, ಹಾಗಾಗಿ ಅವಳೂ ಆ ಪರೀಕ್ಷೆ ಬರೆಯಬೇಕಾಯಿತು! ಕೂತು ಪತ್ರಲೇಖನ ಅಭ್ಯಾಸ ಮಾಡಿದಳು. ಯಾರಿಗೆ ವಿನಾಯಿತಿ ಇದೆ ಅನ್ನೋದನ್ನು ಅಧಿಸೂಚನೆಯಲ್ಲೇ ನೋಡಿಕೊಳ್ಳಿ.

ಕೇಂದ್ರದ ಕಂಪನಿಗಳ ದಾರಿ ಬೇರೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ಸ್ಥಾವರ ನಡೆಸುವ ಎನ್‌ಟಿಪಿಸಿಯಾಗಲಿ, ದೇಶದ ಉದ್ದಗಲಕ್ಕೂ ಲೈನ್ ಎಳೆದಿರುವ ಪವರ್‌ಗ್ರಿಡ್ ಆಗಲಿ, ಹೊಸ ಇಂಜಿನಿಯರ್‌ಗಳನ್ನು ಹೆಚ್ಚಾಗಿ ಗೇಟ್ ಅನ್ನೋ ರಾಷ್ಟ್ರಮಟ್ಟದ ಇಂಜಿನಿಯರಿಂಗ್ ಪರೀಕ್ಷೆಯ ಅಂಕದ ಮೇಲೆ ತೆಗೆದುಕೊಳ್ಳುತ್ತವೆ. ಇಲ್ಲಿ ಎಡವುವುದು ಒಂದೇ ಕಡೆ. ಗೇಟ್ ಬರೆದು ಒಳ್ಳೆ ಅಂಕ ತೆಗೆದವರು ಕಂಪನಿಯವರೇ ಕರೆಯುತ್ತಾರೆ ಅಂತ ಕಾಯುತ್ತಾ ಕೂರುತ್ತಾರೆ. ಕರೆಯಲ್ಲ. ಗೇಟ್ ನೋಂದಣಿ ಸಂಖ್ಯೆ ಕೊಟ್ಟು ಆ ಕಂಪನಿಯ ಜಾಲತಾಣದಲ್ಲಿ ಬೇರೆ ಅರ್ಜಿ ಹಾಕಬೇಕು.

ದಲ್ಲಾಳಿಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಡಲ್ಲ. 2022ರ ಆಗಸ್ಟ್ 7ರ ಕಿರಿಯ ಸಹಾಯಕರ ಪರೀಕ್ಷೆಯಲ್ಲಿ ಗೋಕಾಕದ ಕೇಂದ್ರವೊಂದರಿಂದ ಸ್ಮಾರ್ಟ್ ವಾಚ್‌ನಲ್ಲಿ ಪ್ರಶ್ನೆಪತ್ರಿಕೆ ಹೊರಗೆ ಹೋದ ಪ್ರಕರಣ ಎಲ್ಲರೂ ಪೇಪರಿನಲ್ಲಿ ಓದಿದ್ದೀರಿ. ಹಲವರು ಜೈಲು ನೋಡಿದರು. "ಸೀಟ್ ಗ್ಯಾರಂಟಿ" ಅನ್ನೋ ಫೋನ್ ಬಂದರೆ ಇಟ್ಟುಬಿಡಿ.

ನಮ್ಮ ಹುಡುಗನ ಅಭ್ಯಾಸದ ಅರ್ಜಿ ಮುಗಿಯುವ ಹೊತ್ತಿಗೆ ದೀಪ ಹಚ್ಚುವ ವೇಳೆ ಆಗಿತ್ತು. ಕೊನೆಗೆ ಅವನ ಜಾತಿ ಪತ್ರ ಕವರಿನಿಂದ ತೆಗೆಸಿ ತಾರೀಖು ನೋಡಿದೆ. ಐದು ವರ್ಷ ಮುಗಿದು ಏಳು ತಿಂಗಳಾಗಿತ್ತು. ಸೋಮವಾರ ಬೆಳಿಗ್ಗೆ ನಾನು ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಅವನು ಎದುರಿಗೆ ಸಿಕ್ಕ, ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರ್. "ನಾಡಕಚೇರಿ ಹತ್ತಕ್ಕೆ ತೆಗೀತಾರಾ ಅಕ್ಕಾ?" ಅಂದ. ಹತ್ತಕ್ಕೇ, ಆದರೆ ಒಂಬತ್ತೂವರೆಗೇ ಹೋಗಿ ನಿಂತ್ಕೋ ಅಂದೆ.

ನಮಸ್ಕಾರ.