ಕಲ್ಲಿನ ವಯಸ್ಸು: ಯಾವ ಹರಳನ್ನು ಕೇಳಬೇಕು?

ಕೇಳುಗರಿಗೆ ನಮಸ್ಕಾರ.

ಒಂದು ಕಲ್ಲಿಗೆ ವಯಸ್ಸೆಷ್ಟು ಎಂದು ಕೇಳಿದರೆ ಒಂದೇ ಉತ್ತರ ಸಿಗಬೇಕು, ಅಲ್ವಾ? ಜ್ವಾಲಾಮುಖಿ ಉಗುಳಿದ ಕಲ್ಲಾದರೆ ಸಿಗುತ್ತದೆ. ಅದು ಆರಿ ಗಟ್ಟಿಯಾದದ್ದೇ ಅದರ ಹುಟ್ಟು. ರೂಪಾಂತರ ಶಿಲೆಯ ಕತೆ ಬೇರೆ. ಅದು ಮೊದಲು ಗ್ರಾನೈಟೋ, ಮರಳೋ, ಕೆಸರೋ ಆಗಿತ್ತು. ಆಮೇಲೆ ನೆಲದಾಳಕ್ಕೆ ಇಳಿಯಿತು. ಅಲ್ಲಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಪೂರ್ತಿ ಕರಗದೆಯೇ ಬೇರೊಂದು ಕಲ್ಲಾಯಿತು. ಕೆಲವು ಕಲ್ಲುಗಳಿಗೆ ಎರಡು ಮೂರು ಸಲ ಹೀಗಾಗಿದೆ. ಇದರಲ್ಲಿ ಯಾವುದನ್ನು ಹುಟ್ಟು ಅನ್ನೋಣ?

ಇದಕ್ಕೆ ಉತ್ತರ ಹುಡುಕುವವರು ಬಂಡೆಯನ್ನು ಪುಡಿ ಮಾಡಿ, ಭಾರದ ದ್ರವದಲ್ಲಿ ಮುಳುಗಿಸಿ, ತಳಕ್ಕಿಳಿದ ಹರಳುಗಳನ್ನು ಆರಿಸುತ್ತಾರೆ. ಅವರು ಮುಖ್ಯವಾಗಿ ಹುಡುಕುವುದು ಜಿರ್ಕಾನ್. ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತಲೂ ಸಣ್ಣದು. ಇದು ಬೆಳೆಯುವಾಗ ಸ್ವಲ್ಪ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಮಾತ್ರ ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಹಾಗಾಗಿ ಇವತ್ತು ಅದರೊಳಗೆ ಕಾಣುವ ಸೀಸವೆಲ್ಲ ಬಹುಮಟ್ಟಿಗೆ ಯುರೇನಿಯಂ ತಾನಾಗಿ, ಒಂದೇ ಲೆಕ್ಕದಲ್ಲಿ ಒಡೆಯುತ್ತಾ ಹೋಗಿ ಆದದ್ದು. ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಕಾಲ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಅನುಕೂಲವಿದೆ. ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ಬಗೆ. ಯುರೇನಿಯಂ 238 ಅರ್ಧದಷ್ಟಾಗಲು ಸುಮಾರು 447 ಕೋಟಿ ವರ್ಷ ಬೇಕು. ಯುರೇನಿಯಂ 235ಕ್ಕೆ ಸುಮಾರು 70 ಕೋಟಿ ವರ್ಷ ಸಾಕು. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಹೇಳದಿದ್ದರೆ ನಡುವೆ ಸೀಸ ಸೋರಿಹೋಗಿದೆ ಎಂದು ಅನುಮಾನ. ಯುರೇನಿಯಂ ಒಡೆಯುವಾಗ ಹೊಮ್ಮುವ ವಿಕಿರಣವೇ ಹರಳಿನ ಒಳಕಟ್ಟನ್ನು ಕೆಡಿಸುವುದರಿಂದ ಹೀಗೆ ಸೋರುವುದುಂಟು. 1956ರಲ್ಲಿ ವಿಜ್ಞಾನಿ ಜಾರ್ಜ್ ವೆಥೆರಿಲ್ ಈ ಎರಡು ಅಳತೆಗಳನ್ನು ಒಂದೇ ನಕ್ಷೆಯಲ್ಲಿಟ್ಟು ನೋಡುವ ದಾರಿ ತೋರಿಸಿದರು. ಕೆಟ್ಟ ಗಡಿಯಾರದಿಂದಲೂ ಸತ್ಯ ಹೊರಡಿಸುವ ಈ ದಾರಿ ನನಗಂತೂ ತುಂಬಾ ಇಷ್ಟ.

ಜಿರ್ಕಾನ್ ಹಟಮಾರಿ. 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ತನ್ನ ಹಳೆಯ ಸೀಸವನ್ನು ಸುಲಭವಾಗಿ ಬಿಡುವುದಿಲ್ಲ. ಕಲ್ಲು ರೂಪ ಬದಲಿಸುವಾಗ ಹಳೆಯ ಹರಳು ಹಾಗೇ ಉಳಿದು, ಅದರ ಸುತ್ತ ಹೊಸ ಪದರ ಬೆಳೆಯಬಹುದು. ಇಡೀ ಹರಳನ್ನು ಕರಗಿಸಿ ಅಳೆದರೆ ಎರಡೂ ಬೆರೆತು, ಯಾವ ಘಟನೆಗೂ ಸೇರದ ಸಂಖ್ಯೆ ಬರುತ್ತದೆ. ಅದಕ್ಕೇ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿಲಿಯಂ ಕಾಂಪ್‌ಸ್ಟನ್ ಮತ್ತು ಜೊತೆಗಾರರು ಶ್ರಿಂಪ್ ಎಂಬ ಯಂತ್ರ ಕಟ್ಟಿದರು. ಅದರ ಅಯಾನು ಕಿರಣ, ಅಂದರೆ ವಿದ್ಯುತ್ ಹೊತ್ತ ಕಣಗಳ ಕಿರಣ, ಕೇವಲ 20-30 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲದ ಚುಕ್ಕೆಯನ್ನು ಕೆರೆದು ಅಳೆಯುತ್ತದೆ. ನಡುಭಾಗಕ್ಕೆ ಒಂದು ವಯಸ್ಸು, ಅಂಚಿಗೆ ಇನ್ನೊಂದು.

ಕೆನಡಾದ ಅಕಾಸ್ಟಾ ನೈಸ್ ಎಂಬ ರೂಪಾಂತರ ಶಿಲೆಯನ್ನು ನೋಡಿ. ಅದರ ಕೆಲವು ಜಿರ್ಕಾನ್‌ಗಳ ನಡುಭಾಗ 400 ಕೋಟಿ ವರ್ಷಕ್ಕಿಂತಲೂ ಹಳೆಯದು. ಅದು ಮೂಲ ಶಿಲೆಯ ಕಾಲ. ಅಂಚುಗಳು ಎಷ್ಟೋ ಕೋಟಿ ವರ್ಷ ಆಮೇಲಿನವು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಇನ್ನೂ ವಿಚಿತ್ರ. ಕಲ್ಲು ಸುಮಾರು 300 ಕೋಟಿ ವರ್ಷದ್ದು, ಅದರೊಳಗೆ ಸಿಕ್ಕ ಒಂದು ಜಿರ್ಕಾನ್ ಸುಮಾರು 440 ಕೋಟಿ ವರ್ಷದ್ದು. ಹರಳು ಹುಟ್ಟಿದ ಬಂಡೆ ಸವೆದು ಹೋಗಿದೆ. ಹರಳು ಮಾತ್ರ ನೀರಿನಲ್ಲಿ ಸಾಗಿ ಬಂದು ಮರಳು, ಜಲ್ಲಿಯ ಜೊತೆ ಸೇರಿಕೊಂಡಿದೆ. ಅದನ್ನೇ ಕಲ್ಲಿನ ವಯಸ್ಸು ಅಂದುಕೊಂಡರೆ ಪೂರ್ತಿ ದಾರಿ ತಪ್ಪುತ್ತೇವೆ.

ಹಾಗಾದರೆ ಕಲ್ಲು ರೂಪ ಬದಲಿಸಿದ್ದು ಯಾವಾಗ? ಇದಕ್ಕೆ ಮೊನಜೈಟ್ ಎಂಬ ಹರಳನ್ನು ಕೇಳುವುದೇ ಜಾಸ್ತಿ ವಾಸಿ. ಅದರಲ್ಲಿ ಥೋರಿಯಂ ಹೇರಳ, ಯುರೇನಿಯಮ್ಮೂ ಇರುತ್ತದೆ; ಎರಡೂ ಒಡೆದು ಸೀಸವಾಗುತ್ತವೆ. ಕೆಸರಿನಿಂದಾದ ಕಲ್ಲು ಕಾಯುತ್ತಾ ಹೋದಂತೆ, ಬದಲಾವಣೆಯ ಹೊತ್ತಿನಲ್ಲೇ ಇದು ಹೊಸದಾಗಿ ಬೆಳೆಯುತ್ತದೆ. ಗಾರ್ನೆಟ್ ಹರಳಿನ ಒಳಗೆ ಸಿಕ್ಕಿಕೊಂಡ ಮೊನಜೈಟ್ ಒಂದು ಕಾಲ ಹೇಳಿದರೆ, ಹೊರಗಿರುವುದು ಇನ್ನೊಂದು ಹೇಳಬಹುದು. ಅದರಿಂದ ಗಾರ್ನೆಟ್ ಯಾವಾಗ ಬೆಳೆಯಿತು ಎನ್ನುವುದಕ್ಕೂ ಗಡಿ ಸಿಗುತ್ತದೆ.

ಇನ್ನು ಉಳಿದದ್ದು ಅಭ್ರಕ. ಅದರಲ್ಲಿ ಪೊಟ್ಯಾಶಿಯಂ 40 ಒಡೆದು ಆರ್ಗಾನ್ ಅನಿಲ ಆಗುತ್ತಿರುತ್ತದೆ. ಕಲ್ಲು ಬಿಸಿಯಾಗಿರುವಷ್ಟು ಹೊತ್ತು ಆ ಅನಿಲ ಹೊರಗೆ ಹೋಗುತ್ತಲೇ ಇರುತ್ತದೆ. ಕಪ್ಪು ಅಭ್ರಕ ಸುಮಾರು 300 ಡಿಗ್ರಿಗೆ ಇಳಿದ ಮೇಲೆ ಅನಿಲ ಒಳಗೇ ನಿಲ್ಲುತ್ತದೆ. ಅಂದರೆ ಅಭ್ರಕ ಹೇಳುವುದು ಕಲ್ಲು ತಣ್ಣಗಾದ ಕಾಲವನ್ನು. ಮೊನಜೈಟ್ ಹೇಳಿದ ಕಾಲಕ್ಕೂ ಇದಕ್ಕೂ ಇರುವ ಅಂತರ ನೋಡಿದರೆ, ಆಳದಲ್ಲಿದ್ದ ಆ ಕಲ್ಲು ಎಷ್ಟು ಬೇಗ ತಣ್ಣಗಾಗುತ್ತಾ ಮೇಲೆ ಬಂತು ಎಂದು ಲೆಕ್ಕ ಹಾಕಬಹುದು.

ನಮಸ್ಕಾರ.