ಕವರ್ ಮೇಲೆ ಅಂಟಿಸಿದ ಕವರ್

ಎಲ್ಲರಿಗೂ ನಮಸ್ಕಾರ. ನೇರ ಒಂದು ಫೋಟೊದಿಂದ ಶುರು ಮಾಡುತ್ತೇನೆ.

1966ರ ಮಾರ್ಚ್, ಲಂಡನ್ನಿನ ಒಂದು ಸ್ಟುಡಿಯೊ. ಇಂಗ್ಲೆಂಡಿನ ಹೆಸರಾಂತ ಸಂಗೀತ ತಂಡ ಬೀಟಲ್ಸ್‌ನ ನಾಲ್ವರೂ ಕಟುಕರು ತೊಡುವಂಥ ಬಿಳಿ ಅಂಗಿ ತೊಟ್ಟು ಕೂತಿದ್ದಾರೆ. ಮೈಮೇಲೆ ಹಸಿ ಮಾಂಸದ ತುಂಡುಗಳು, ತಲೆ ಕಿತ್ತ ಗೊಂಬೆಗಳು. ಮುಖದಲ್ಲಿ ಮಾತ್ರ ನಗು! ತೆಗೆದವರು ರಾಬರ್ಟ್ ವಿಟೇಕರ್. ಅವರಿಗೆ ಬೇಕಿದ್ದದ್ದು ಆಲ್ಬಮ್ ಕವರ್ ಅಲ್ಲ. ಜನ ದೇವರಂತೆ ಕಾಣುತ್ತಿದ್ದ ಈ ಹುಡುಗರೂ ರಕ್ತಮಾಂಸದ ಮನುಷ್ಯರೇ ಎಂದು ಕೆಲವು ಚಿತ್ರಗಳನ್ನು ಜೋಡಿಸಿ ಹೇಳುವ ಆಸೆ ಇತ್ತು. ಆ ಕೆಲಸ ಪೂರ್ತಿಯಾಗಲೇ ಇಲ್ಲ. ಅದರದೊಂದು ಚೂರು ಮಾತ್ರ ಅಮೆರಿಕದಲ್ಲಿ ‘ಯೆಸ್ಟರ್ಡೇ ಆ್ಯಂಡ್ ಟುಡೇ’ ಆಲ್ಬಮ್‌ಗೆ ಕವರ್ ಆಯಿತು.

ಅಲ್ಲಿ ಅವರ ಆಲ್ಬಮ್ ತರುತ್ತಿದ್ದ ಕಂಪನಿ ಕ್ಯಾಪಿಟಲ್ ರೆಕಾರ್ಡ್ಸ್ ಸುಮಾರು 7.5 ಲಕ್ಷ ಕವರ್ ಅಚ್ಚು ಹಾಕಿಸಿತ್ತು. ಜೂನ್‌ನಲ್ಲಿ, ಬಿಡುಗಡೆಗೆ ಮೊದಲೇ, ರೇಡಿಯೊದವರಿಗೂ ಅಂಗಡಿಯವರಿಗೂ ಕೆಲವು ಪ್ರತಿ ಹೋದವು. ನೋಡಿದವರು ಹೌಹಾರಿದರು. ಕಂಪನಿ ತಕ್ಷಣ ಎಲ್ಲವನ್ನೂ ವಾಪಸ್ ಕೇಳಿತು. ಇದು ಪಾಪ್ ಆರ್ಟ್ (ಜಾಹೀರಾತು, ಕಾಮಿಕ್ಸ್‌ನಂಥ ಜನಪ್ರಿಯ ಚಿತ್ರಗಳನ್ನೇ ಬಳಸುವ ಕಲೆ) ಶೈಲಿಯ ವಿಡಂಬನೆ, ಜನ ತಪ್ಪು ತಿಳಿದರು ಎಂದು ಸಮಜಾಯಿಷಿಯನ್ನೂ ಕೊಟ್ಟಿತು. ವಿಯೆಟ್ನಾಂ ಯುದ್ಧ ಎಷ್ಟು ಪ್ರಸ್ತುತವೋ ಇದೂ ಅಷ್ಟೇ ಎಂದು ತಂಡದ ಜಾನ್ ಲೆನನ್ ವಾದಿಸಿದರು. ಇರಬಹುದು. ಆದರೆ ಅಂಗಡಿಯಲ್ಲಿ ಆ ರೆಕಾರ್ಡ್ ಕೈಗೆತ್ತಿಕೊಂಡ ಹುಡುಗಿಯ ಪಕ್ಕ ಲೆನನ್ ನಿಂತಿರುವುದಿಲ್ಲವಲ್ಲ! ಕವರ್ ಒಂಟಿಯಾಗಿ ಹೋಗುತ್ತದೆ. ತನ್ನ ಪರವಾಗಿ ತಾನೇ ಮಾತಾಡಬೇಕು. ‘ತಪ್ಪು ತಿಳಿದರು’ ಅನ್ನುವ ಮಾತು ನನಗೆ ಅಷ್ಟಾಗಿ ಸೇರುವುದಿಲ್ಲ. ಅವರು ಕಂಡದ್ದನ್ನು ಕಂಡರು, ಅಷ್ಟೇ.

ಇನ್ನು ಲಕ್ಷಗಟ್ಟಲೆ ಕವರ್ ಏನು ಮಾಡುವುದು? ಒಂದಷ್ಟನ್ನು ನಾಶ ಮಾಡಿದರು. ಉಳಿದವುಗಳ ಮೇಲೆ ಹೊಸ ಫೋಟೊ ಅಂಟಿಸಿಬಿಟ್ಟರು. ಒಂದು ದೊಡ್ಡ ಟ್ರಂಕು, ಸುತ್ತ ನಾಲ್ವರು. ಸಪ್ಪೆ ಫೋಟೊ, ಅದನ್ನೂ ವಿಟೇಕರ್ ಅವರೇ ತೆಗೆದದ್ದು. ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಒಳಗೇನಿದೆ ಎಂಬ ಸುದ್ದಿ ಹರಡಿದ್ದೇ ತಡ, ಜನ ಹಬೆ ಹಿಡಿದು ಮೇಲಿನ ಕಾಗದ ಬಿಡಿಸತೊಡಗಿದರು. ಇವತ್ತು ಸಂಗ್ರಹಕಾರರು ಮೂರು ಬಗೆ ಮಾಡುತ್ತಾರೆ: ಮೇಲೆ ಏನೂ ಅಂಟಿಸದ್ದು, ಅಂಟಿಸಿದ್ದು ಹಾಗೇ ಉಳಿದದ್ದು, ಬಿಡಿಸಿದ್ದು. ಮುಚ್ಚಿದ್ದಕ್ಕೇ ಬೆಲೆ ಬಂತು ನೋಡಿ.

ನನ್ನದೂ ಒಂದು ಪೆಚ್ಚಾದ ಕಥೆ ಇದೆ. ಕ್ಯಾಸೆಟ್ ಕಾಲದಲ್ಲಿ ಒಂದು ಭಾವಗೀತೆ ಕ್ಯಾಸೆಟ್‌ಗೆ ಮಳೆಯ ಚಿತ್ರ, ತೆಳ್ಳನೆ ಅಕ್ಷರ ಹಾಕಿದ್ದೆ. ನನ್ನ ಕಣ್ಣಿಗೆ ಭಾಳ ಚೆಂದ. ಅಂಗಡಿಯವರು ನಕ್ಕರು. “ಸಾರ್, ನಾವು ಇಡೋದು ಬೆನ್ನು ಕಾಣೋ ಹಾಗೆ. ಈ ಹೆಸರು ಯಾರಿಗೆ ಓದಕ್ಕಾಗುತ್ತೆ?” ಕವರ್ ಮಾಡುವಾಗ ನಾನು ಅಂಗಡಿಯ ರ್‍ಯಾಕನ್ನು ನೆನೆದೇ ಇರಲಿಲ್ಲ.

ಕೆಲವೊಮ್ಮೆ ಚಿತ್ರ ಹಾಗೇ ಇರುತ್ತದೆ, ನೋಡುವ ಕಣ್ಣೇ ಬದಲಾಗುತ್ತದೆ. 1977ರ ಅಕ್ಟೋಬರ್ 17ರಂದು ಅಮೆರಿಕದ ಲಿನರ್ಡ್ ಸ್ಕಿನರ್ಡ್ ಎಂಬ ರಾಕ್ ತಂಡದ ಹೊಸ ಆಲ್ಬಮ್ ಬಂತು. ಕವರ್‌ನಲ್ಲಿ ತಂಡದ ಸುತ್ತ ಬೆಂಕಿ. ಮೂರೇ ದಿನಕ್ಕೆ ಅವರ ವಿಮಾನ ಬಿದ್ದು ಗಾಯಕ ರಾನಿ ವ್ಯಾನ್ ಝಾಂಟ್, ಗಿಟಾರಿನ ಸ್ಟೀವ್ ಗೇನ್ಸ್ ಸೇರಿ ಹಲವರು ಸತ್ತರು. ಆ ಬೆಂಕಿಯನ್ನು ಯಾರು ನೋಡಬಲ್ಲರು? ಗೇನ್ಸ್ ಪತ್ನಿಯ ಕೋರಿಕೆಯಂತೆ ಕಪ್ಪು ಹಿನ್ನೆಲೆಯ ಚಿತ್ರ ಬಂತು.

ಈಗ ಜಾಹೀರಾತಿಗೆ ಬರೋಣ. ಕವರನ್ನು ಬೇಕಾದವರು ಎತ್ತಿ ನೋಡುತ್ತಾರೆ. ಹೋರ್ಡಿಂಗ್ ಹಾಗಲ್ಲ, ಕೆಲಸಕ್ಕೆ ಹೊರಟವರ ಕಣ್ಣಿಗೂ ಬೀಳುತ್ತದೆ. 1976ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ‘ಬ್ಲ್ಯಾಕ್ ಆ್ಯಂಡ್ ಬ್ಲೂ’ ಆಲ್ಬಮ್ ಬಂದಾಗ ಲಾಸ್ ಏಂಜಲೀಸ್‌ನ ಸನ್‌ಸೆಟ್ ಬೊಲೆವಾರ್ಡ್‌ನಲ್ಲಿ ದೊಡ್ಡದೊಂದು ಹೋರ್ಡಿಂಗ್ ಎದ್ದಿತು. ಹಗ್ಗದಲ್ಲಿ ಕಟ್ಟಿದ ಹೆಣ್ಣು, ಮೈಮೇಲೆ ಬಾಸುಂಡೆ. ಈ ಬಾಸುಂಡೆ ಸ್ಟೋನ್ಸ್ ಕೊಟ್ಟದ್ದು, ನನಗಿದು ಇಷ್ಟ ಎಂದು ಅವಳೇ ಹೇಳುವಂತೆ ಬರೆಸಿದ್ದರು. ಆಲ್ಬಮ್ ಹೆಸರಿನ ಮೇಲಿನ ಶ್ಲೇಷೆಯಂತೆ, ಇಂಗ್ಲಿಷಿನಲ್ಲಿ ‘ಬ್ಲ್ಯಾಕ್ ಆ್ಯಂಡ್ ಬ್ಲೂ’ ಅಂದರೆ ಏಟು ಬಿದ್ದು ಕಂದಿದ ಮೈ! ಅಸಲಿ ಕವರ್‌ನಲ್ಲಿ ಇದ್ದದ್ದು ತಂಡದವರ ಮುಖಗಳಷ್ಟೇ.

ಹೆಣ್ಣಿನ ಮೇಲಿನ ಹಿಂಸೆಯನ್ನು ವಿರೋಧಿಸುವ ‘ವೇವಾ’ ಎಂಬ ಮಹಿಳಾ ಗುಂಪು ಗಲಾಟೆ ಎಬ್ಬಿಸಿತು. ಹೋರ್ಡಿಂಗ್ ಮೇಲೆ ಕೆಂಪು ಬಣ್ಣ ಬಿತ್ತು. ಬೇಗನೆ ಅದು ಇಳಿಯಿತು. ಕ್ಯಾಪಿಟಲ್‌ನ ಕಥೆ ಮುಗಿದದ್ದು ಇಂಥ ಜಾಗದಲ್ಲೇ, ಅಲ್ವಾ? ಈ ಹೆಂಗಸರು ಅಲ್ಲಿಗೆ ಬಿಡಲಿಲ್ಲ. ಒಂದು ಚಿತ್ರ ಇಳಿಸಿದರೆ ಸಾಲದು, ಇಂಥದ್ದಕ್ಕೆ ಒಪ್ಪಿಗೆ ಕೊಡುವ ರೀತಿಯೇ ಬದಲಾಗಬೇಕು ಅಂದರು. ಆಲ್ಬಮ್ ಕವರ್‌ಗಳ ಸ್ಲೈಡ್ ತೋರಿಸುತ್ತಾ ಊರೂರು ತಿರುಗಿದರು. ಸ್ಟೋನ್ಸ್ ರೆಕಾರ್ಡ್ ಹಂಚುತ್ತಿದ್ದ ವಾರ್ನರ್ ಕಮ್ಯುನಿಕೇಶನ್ಸ್‌ನ ವಾರ್ನರ್, ಎಲೆಕ್ಟ್ರಾ, ಅಟ್ಲಾಂಟಿಕ್ ಕಂಪನಿಗಳ ರೆಕಾರ್ಡ್ ಕೊಳ್ಳಬೇಡಿ ಎಂದು ಕರೆ ಕೊಟ್ಟರು. 1979ರಲ್ಲಿ ವಾರ್ನರ್ ಕಮ್ಯುನಿಕೇಶನ್ಸ್ ಮಣಿಯಿತು. ಕವರ್‌ನಲ್ಲೂ ಜಾಹೀರಾತಿನಲ್ಲೂ ಹೆಣ್ಣಿನ ಮೇಲಿನ ಹಿಂಸೆಯನ್ನು ಬಳಸುವುದಕ್ಕೆ ತನ್ನ ವಿರೋಧವಿದೆ ಎಂದು ನೀತಿಯನ್ನೇ ಪ್ರಕಟಿಸಿತು. ಆ ಹೆಂಗಸರು ಹಿಡಿದ ಹಟಕ್ಕೆ ಮೂರು ವರ್ಷ ಬೇಕಾಯಿತು.

ಸರಿ, ನನ್ನ ಮಾತು ಸಾಕು. ನೀವು ತಂದಿರುವ ಕವರ್‌ಗಳನ್ನು ಹೊರಗಿನ ಗೋಡೆಗೆ ಹಚ್ಚಿ. ಚಹಾ ಕುಡಿಯುತ್ತಾ ಎಲ್ಲರೂ ನೋಡೋಣ, ಕ್ಯಾಂಟೀನಿನವರನ್ನೂ ಕರೆಯಿರಿ. ಒಂದೇ ಷರತ್ತು: ಯಾರೂ ತಮ್ಮ ಕವರ್ ಪಕ್ಕ ನಿಂತು ಅರ್ಥ ಹೇಳಬಾರದು.