ಅಮ್ಮನಿಗೆ 800 ಬಂತು, ಮಗುವಿನ 4,000 ಎಲ್ಲಿ?

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ಕರ್ನಾಟಕದಲ್ಲಿ ವಿಧವಾ ವೇತನ ತಿಂಗಳಿಗೆ 800 ರೂಪಾಯಿ. 2021ರಲ್ಲಿ 600 ಇದ್ದದ್ದನ್ನು 800 ಮಾಡಿದರು. ಅದೇ ಹೆಣ್ಣುಮಗಳ ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ, ಆ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದಾದ ಯೋಜನೆಯೊಂದಿದೆ. ಮೊದಲನೆಯದು ಊರಿಗೆಲ್ಲ ಗೊತ್ತು. ಎರಡನೆಯದು? ನಿಮ್ಮ ಬೀದಿಯಲ್ಲಿ ವಿಧವಾ ವೇತನ ತಗೊಳ್ಳುವವರನ್ನು ಸುಮ್ನೆ ಒಮ್ಮೆ ಕೇಳಿ ನೋಡಿ. ಹೆಚ್ಚಿನವರು ನಿಮ್ಮ ಮುಖವನ್ನೇ ನೋಡುತ್ತಾರೆ.

ಯೋಜನೆಯ ಹೆಸರು ಪ್ರಾಯೋಜಕತ್ವ. ಕಚೇರಿಯಲ್ಲಿ ಸ್ಪಾನ್ಸರ್‌ಶಿಪ್ ಅಂದರೆ ಬೇಗ ಅರ್ಥವಾಗುತ್ತದೆ. ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಕೆಳಗೆ ಬರುತ್ತದೆ, ರಾಜ್ಯವೂ ಪಾಲು ಹಾಕುತ್ತದೆ. ಗಂಡ ತೀರಿಕೊಂಡವರು, ವಿಚ್ಛೇದನ ಆದವರು, ಗಂಡ ಬಿಟ್ಟು ಹೋದವರು, ಇವರ ಮಕ್ಕಳಿಗೆ ಇದು. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಅಜ್ಜಿ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಬೆಳೆಯುತ್ತಿರುವ ಮಕ್ಕಳಿಗೂ ಉಂಟು. ಹೆತ್ತವರು ದೊಡ್ಡ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರೂ ಕೇಳಬಹುದು. ಮಗುವಿಗೆ 18 ತುಂಬುವವರೆಗೆ. ಮನೆಯ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದ ಕಡೆ 96,000 ದಾಟಿರಬಾರದು.

ಈಗ ನನಗೆ ಸಿಟ್ಟು ಬರುವ ಜಾಗಕ್ಕೆ ಬರುತ್ತೇನೆ. ವಿಧವಾ ವೇತನ ಸಿಗಬೇಕಾದರೆ ಆದಾಯ ವರ್ಷಕ್ಕೆ 32,000ದ ಒಳಗಿರಬೇಕು. ಅಂದರೆ ಆ ಪಿಂಚಣಿ ಬರುತ್ತಿರುವ ಪ್ರತಿ ಹೆಣ್ಣುಮಗಳೂ ತಾನು ಎಷ್ಟು ಬಡವಳು ಅಂತ ಸರ್ಕಾರಕ್ಕೆ ಆಗಲೇ ತೋರಿಸಿಕೊಟ್ಟಿದ್ದಾಳೆ. 32,000ದ ಒಳಗೆ ಇರುವವಳು 72,000ದ ಒಳಗೂ ಇರುತ್ತಾಳೆ, ಅಲ್ವಾ? ಗಂಡನ ಮರಣ ಪ್ರಮಾಣ ಪತ್ರ ಕೊಟ್ಟಾಗಿದೆ. ಆಧಾರ್ ಕೊಟ್ಟಾಗಿದೆ, ಪಾಸ್‌ಬುಕ್ ಜೆರಾಕ್ಸ್ ಕೊಟ್ಟಾಗಿದೆ. ಮಕ್ಕಳ ಹೆಸರು, ವಯಸ್ಸು ರೇಷನ್ ಕಾರ್ಡಿನಲ್ಲೇ ಇದೆ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡ ಮೇಲೂ ಮಗುವಿನ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಪಿಂಚಣಿ ಮಂಜೂರಾತಿ ಆದೇಶ ಅಂತ ಒಂದು ಹಾಳೆ ಬರುತ್ತದೆ ನೋಡಿ, ಅದರ ಕೆಳಗೆ ‘ನಿಮಗೆ 18ರ ಒಳಗಿನ ಮಕ್ಕಳಿದ್ದರೆ ಈ ಕಚೇರಿಗೂ ಹೋಗಿ’ ಅಂತ ಎರಡು ಸಾಲು ಹಾಕಿದರೆ ಯಾರ ಗಂಟು ಹೋಗುತ್ತಿತ್ತು?

ಕಾರಣ ಸರಳ. ಪಿಂಚಣಿ ಕಂದಾಯ ಇಲಾಖೆಯದು, ನಾಡಕಚೇರಿ, ತಹಶೀಲ್ದಾರ್ ದಾರಿ. ಮಗುವಿನ ಹಣ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ದಾರಿ. ಆ ಘಟಕ ಇರುವುದು ಜಿಲ್ಲಾ ಕೇಂದ್ರದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಇಲ್ಲಿ ಪೂಜಾರಿಗೆ ಅಂಥ ಕೆಟ್ಟ ಬುದ್ಧಿಯೂ ಇಲ್ಲ. ಪಕ್ಕದ ಗುಡಿಯಲ್ಲಿ ವರ ಸಿಗುತ್ತದೆ ಅನ್ನುವುದೇ ಅವನಿಗೆ ಗೊತ್ತಿಲ್ಲ.

ಅದೂ ಹೋಗಲಿ, ಒಂದೇ ಇಲಾಖೆಯೊಳಗೂ ಇದೇ ಕತೆ. ಬಡತನ ರೇಖೆಗಿಂತ ಕೆಳಗಿರುವ ಮನೆಯಲ್ಲಿ ದುಡಿಯುವ ಆಧಾರಸ್ತಂಭ, 18ರಿಂದ 59 ವಯಸ್ಸಿನವರು, ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದು ಸಲಕ್ಕೆ 20,000 ರೂಪಾಯಿ ಕೊಡುತ್ತಾರೆ. ಇದೂ ಕಂದಾಯ ಇಲಾಖೆಯದೇ. ಆದರೂ ಪಿಂಚಣಿಗೆ ಅರ್ಜಿ ಹಾಕಿದವರಿಗೆ ‘ಇದನ್ನೂ ಹಾಕಮ್ಮ’ ಅನ್ನುವವರು ಸಿಗುವುದು ಅದೃಷ್ಟದ ಮಾತು.

ಗೃಹಲಕ್ಷ್ಮಿಯ 2,000 ಹೇಗೆ ಮನೆಮನೆಗೂ ಗೊತ್ತಾಯಿತು? ಭಾಷಣದಲ್ಲಿ, ಬಸ್ಸಿನ ಮೇಲೆ, ಟೀವಿಯಲ್ಲಿ ಅದೇ ಸುದ್ದಿ. ಸ್ಪಾನ್ಸರ್‌ಶಿಪ್‌ಗೆ ಆ ಭಾಗ್ಯ ಇಲ್ಲ. ಅದು ಓಡಾಡುವುದು ವಾಟ್ಸಾಪ್ ಫಾರ್ವರ್ಡ್‌ನಲ್ಲಿ. ‘ಅಪ್ಪ ಇಲ್ಲದ ಎಲ್ಲ ಮಕ್ಕಳಿಗೂ 4,000, ಕೂಡಲೇ ಅರ್ಜಿ ಹಾಕಿ’ ಅನ್ನುವ ಥರದ ಮೆಸೇಜು ಬಂದರೆ ಪೂರ್ತಿ ನಂಬಬೇಡಿ. ಎಲ್ಲರಿಗೂ ತಾನಾಗಿಯೇ ಬರುವ ಹಣ ಇದಲ್ಲ. ಮನೆಗೆ ಬಂದು ವಿಚಾರಿಸುತ್ತಾರೆ, ಸಮಿತಿ ಒಪ್ಪಬೇಕು, ಅನುದಾನವೂ ಇರಬೇಕು. ಮಗು ಶಾಲೆ ಬಿಟ್ಟರೆ ಹಣ ನಿಲ್ಲುತ್ತದೆ.

ಇಲ್ಲೇ ಕೆಲವರು ಹೇಳುತ್ತಾರೆ: ಅನುದಾನ ಕಡಿಮೆ, ಎಲ್ಲರಿಗೂ ತಿಳಿಸಿದರೆ ಎಲ್ಲಿಂದ ತರೋಣ? ಈ ವಾದ ನನಗೆ ಒಪ್ಪಿಗೆಯಿಲ್ಲ. ಹಣ ಸಾಲದಿದ್ದರೆ ಕಾಯುವವರ ಪಟ್ಟಿ ಹಾಕಿ, ಅದನ್ನು ತೋರಿಸಿ ಜಾಸ್ತಿ ಹಣ ಕೇಳಿ. ಯಾರಿಗೂ ಹೇಳದೆ ಇಟ್ಟುಕೊಂಡರೆ ಅದು ಸಿಗುವುದು ಕಚೇರಿಯಲ್ಲಿ ಗುರುತಿರುವವರಿಗೆ, ಓದು ಬರಹ ಬಲ್ಲವರಿಗೆ. ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಲಾರದವಳಿಗೆ ಸಿಗುವುದಿಲ್ಲ.

ನಾವೇನು ಮಾಡಬಹುದು? ಊರಿನಲ್ಲಿ ಈ ಮಕ್ಕಳು ಯಾರು ಅಂತ ಎಲ್ಲರಿಗಿಂತ ಮೊದಲು ಗೊತ್ತಿರುವುದು ಶಾಲೆಯ ಮೇಷ್ಟ್ರಿಗೆ, ಅಂಗನವಾಡಿ ಟೀಚರಿಗೆ. ಅವರನ್ನು ಹಿಡಿಯಿರಿ. ಜಿಲ್ಲಾ ಘಟಕ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಕೇಳಿ. ಮರಣ ಪ್ರಮಾಣ ಪತ್ರ, ಆದಾಯ ಪತ್ರ, ರೇಷನ್ ಕಾರ್ಡ್, ಅಮ್ಮ ಮಗು ಇಬ್ಬರ ಆಧಾರ್, ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್, ಇವನ್ನು ಜೋಡಿಸಿಕೊಡಿ. ಹೆಸರಿನ ಸ್ಪೆಲ್ಲಿಂಗ್ ಎಲ್ಲದರಲ್ಲೂ ಒಂದೇ ಇದೆಯಾ ನೋಡಿ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಪಾಸ್‌ಬುಕ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಇದ್ದರೆ ಅಲ್ಲೇ ತೊಡಕು. ಮತ್ತೆ, ಅರ್ಜಿ ಕೊಟ್ಟ ದಿನ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಎದ್ದು ಬರಬೇಡಿ. ‘ಆಮೇಲೆ ಬಾಮ್ಮ’ ಅಂದರೆ, ನನ್ನ ಪ್ರತಿಯ ಮೇಲೆ ಸೀಲು ಹಾಕಿ ತಾರೀಕು ಬರೆದುಕೊಡಿ ಸಾರ್, ಆಮೇಲೆ ಬರ್ತೀನಿ ಅನ್ನಿ.